ಓದುಗರ ಪ್ರಶ್ನೆ–ಉತ್ತರ: ಮಧ್ಯಾಹ್ನದ ಯೂನಿಟ್ಟು ಸಂಜೆಗೆ ವಜಾ ಆಗುತ್ತಾ?

ಈ ಸಲ ಬಂದ ಪತ್ರ, ಮೆಸೇಜು ಎಲ್ಲಾ ಸೇರಿ ಅರ್ಧಕ್ಕರ್ಧ ಸೋಲಾರ್ ಬಗ್ಗೆನೇ, ಅದರಲ್ಲೂ ದಾವಣಗೆರೆ ಚಿತ್ರದುರ್ಗ ಕಡೆಯವೇ ಜಾಸ್ತಿ. ಎಲ್ಲದಕ್ಕೂ ಜಾಗ ಸಾಲಲ್ಲ, ಐದು ತಗೊಂಡಿದೀನಿ. ಮೊದಲನೇದಕ್ಕೆ ಉದ್ದ ಬರೆದಿದೀನಿ, ಯಾಕಂದ್ರೆ ಅದೇ ಪ್ರಶ್ನೆ ಬೇರೆ ಬೇರೆ ಮಾತಲ್ಲಿ ಸುಮಾರು ಮನೆಯಿಂದ ಬಂದಿದೆ.

ಪ್ರಶ್ನೆ: ನಾನು ರಿಟೈರ್ಡ್ ಟೀಚರ್, ದಾವಣಗೆರೆ ವಿದ್ಯಾನಗರದಲ್ಲಿ ಮನೆ. ಹೋದ ವರ್ಷ ಮಾಳಿಗೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ವಿ, ಸಬ್ಸಿಡಿ 78 ಸಾವಿರ ಬ್ಯಾಂಕಿಗೆ ಬಂತು. ಮಗ ಅಮೆರಿಕದಲ್ಲಿದಾನೆ, ಅಲ್ಲಿ ಹೊತ್ತಿಗೊಂದು ರೇಟಂತೆ, ಸರಿಯಾದ ಪ್ಲಾನ್ ಆರಿಸ್ಕೊಂಡ್ರೆ ಬಿಲ್ಲು ಎಷ್ಟೋ ಇಳಿಯುತ್ತಂತೆ. ಅಮ್ಮಾ ನೀನೂ ಹಂಗೇ ಟೈಮ್ ಆಫ್ ಡೇ ಪ್ಲಾನಿಗೆ ಬದಲಾಯಿಸ್ಕೋ ಅಂತ ಫೋನ್ ಮಾಡಿದಾಗೆಲ್ಲ ಹೇಳ್ತಾನೆ. ನಮ್ಮಲ್ಲಿ ಹಂಗಿದೆಯಾ? ಇದ್ರೆ ತಗೋಬೇಕಾ? ಮನೇಲಿ ನಾನು, ನಮ್ಮ ಯಜಮಾನ್ರು, ಕಾಲೇಜಿಗೆ ಹೋಗೋ ಮೊಮ್ಮಗಳು, ಮೂರೇ ಜನ.

ಉತ್ತರ: ಮೇಡಂ, ನಿಮ್ಮ ಮಗ ಹೇಳೋದು ಅವರ ಊರಿಗೆ ಸರಿ, ಅದನ್ನ ಹಂಗೇ ಎತ್ತಿ ವಿದ್ಯಾನಗರಕ್ಕೆ ಇಟ್ರೆ ಲೆಕ್ಕ ತಪ್ಪುತ್ತೆ. 2025-26ಕ್ಕೆ ನಮ್ಮ ವಿದ್ಯುತ್ ಆಯೋಗ ಮನೆಗಳಿಗೆ ಇಟ್ಟ ದರ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ, ಅದರ ಮೇಲೆ ವಿದ್ಯುತ್ ನೌಕರರ ಪಿಂಚಣಿ ಬಾಬ್ತಿನ 36 ಪೈಸೆ, ಆಮೇಲೆ ಶೇ. 9 ತೆರಿಗೆ. ಬೆಳಗ್ಗೆ ಆರಕ್ಕೆ ಗೀಸರ್ ಹಾಕಿದ್ರೂ ಅದೇ ರೇಟು, ನಡುಮಧ್ಯಾಹ್ನ ಮೋಟರ್ ಬಿಟ್ರೂ ಅದೇ, ರಾತ್ರಿ ಒಂಬತ್ತಕ್ಕೆ ಟೀವಿ ಹಾಕ್ಕೊಂಡು ಕೂತ್ರೂ ಅದೇ. ಹೊತ್ತಿನ ಭೇದ ಇಲ್ಲದ ಕಡೆ ನಿಮ್ಮ ನೆಟ್ ಮೀಟರ್, ಅಂದ್ರೆ ಬೀದಿ ಲೈನಿಗೆ ಕೊಟ್ಟಿದ್ದು ತಗೊಂಡಿದ್ದು ಎರಡನ್ನೂ ಅಳೆಯೋ ಮೀಟರ್, ಪಕ್ಕದ ಮನೆಗೆ ಬೆಳಗ್ಗೆ ಒಂದು ಸೇರು ಅಕ್ಕಿ ಕೊಟ್ಟು ಸಂಜೆ ಅದೇ ಸೇರಲ್ಲಿ ವಾಪಸ್ ಇಸ್ಕೊಂಡಂಗೆ ಕೆಲಸ ಮಾಡುತ್ತೆ, ಕೊಟ್ಟಾಗ ಅಕ್ಕಿ ರೇಟ್ ಎಷ್ಟಿತ್ತು ಇಸ್ಕೊಂಡಾಗ ಎಷ್ಟಿತ್ತು ಅಂತ ಯಾರೂ ಕೇಳಲ್ಲ. ಸೋಲಾರ್ ಇರೋ ಮನೆಗೆ ಇದಕ್ಕಿಂತ ಒಳ್ಳೇ ವ್ಯವಸ್ಥೆ ಸಿಗೋದು ಕಷ್ಟ. ಹಾಗಾಗಿ ಇದು ಇರೋವರೆಗೆ ಬಿಟ್ಟು ಬೇರೆ ಕಡೆ ಹೋಗೋ ಮಾತು ಬೇಡ.

ಆದ್ರೆ ನಿಮ್ಮ ಪ್ರಶ್ನೆ ಇಲ್ಲಿಗೆ ಮುಗಿಯಲ್ಲ. ಕೇಂದ್ರ ಸರ್ಕಾರ 2023ರ ಜೂನಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ತಂದು, 10 ಕಿಲೋವ್ಯಾಟ್ ಮೇಲಿನ ಅಂಗಡಿ ಫ್ಯಾಕ್ಟರಿಗಳಿಗೆ 2024ರ ಏಪ್ರಿಲಿಂದ, ಕೃಷಿ ಬಿಟ್ಟು ಉಳಿದೋರಿಗೆಲ್ಲ 2025ರ ಏಪ್ರಿಲ್ ಒಳಗೆ ಹೊತ್ತಿನ ದರ ಬರಬೇಕು, ಸ್ಮಾರ್ಟ್ ಮೀಟರ್ ಹಾಕಿದ ಕೂಡಲೇ ಅನ್ವಯ ಆಗಬೇಕು ಅಂತ ಬರೆದಿದೆ. ಬಿಸಿಲು ಇರೋ ಎಂಟು ಗಂಟೆಯ ದರ ಮಾಮೂಲಿಗಿಂತ ಕನಿಷ್ಠ ಶೇ. 20 ಕಡಿಮೆ, ಪೀಕ್ ಹೊತ್ತಿನ, ಅಂದ್ರೆ ಎಲ್ಲಾರೂ ಒಟ್ಟಿಗೆ ಕರೆಂಟು ಬಳಸೋ ಹೊತ್ತಿನ, ದರ ಮನೆಗಳಿಗೆ ಕನಿಷ್ಠ ಶೇ. 10 ಜಾಸ್ತಿ ಅಂತನೂ ಅದರಲ್ಲೇ ಇದೆ. ಕೇರಳದಲ್ಲಿ ತಿಂಗಳಿಗೆ 250 ಯೂನಿಟ್ ದಾಟಿದ ಮನೆಗಳಿಗೆ ಈಗಾಗಲೇ ಸಂಜೆ 6ರಿಂದ 10 ದುಬಾರಿ. ನಮ್ಮ ಮನೆಗಳಿಗೆ 2025-26ರ ದರದಲ್ಲಿ ಇದು ಬರಲಿಲ್ಲ, ಆದ್ರೆ ಮುಂದೆ ಬರೋದಕ್ಕೆ ಕಾರಣ ದೂರ ಹುಡುಕಬೇಕಿಲ್ಲ, ಚಳ್ಳಕೆರೆ ದಾಟಿ ಆ ಕಡೆ ಹೋದ್ರೆ ಪಾವಗಡ, ಅಲ್ಲೊಂದೇ ಕಡೆ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕು. ಮಧ್ಯಾಹ್ನ ಕರೆಂಟು ಹೊಳೆ ಹರಿದಂಗೆ ಬರುತ್ತೆ, ಸಂಜೆ ಆರಕ್ಕೆ ಅದು ನಿಂತುಹೋಗೋ ಹೊತ್ತಿಗೇ ಎಲ್ಲಾರ ಮನೇಲೂ ಲೈಟು, ಮಿಕ್ಸಿ, ಟೀವಿ ಶುರು.

ಈಗ ನಿಮ್ಮ ಮನೆ ಲೆಕ್ಕ ಮಾಡೋಣ. ಮೊದಲು ಒಂದು ಮಾತು, ಬಿಲ್ಲಲ್ಲಿ ಕಾಣೋ ಇಂಪೋರ್ಟ್, ಅಂದ್ರೆ ಬೀದಿ ಲೈನಿಂದ ತಗೊಂಡಿದ್ದು, ನಿಮ್ಮ ಮನೆಯ ಪೂರ್ತಿ ಬಳಕೆ ಅಲ್ಲ, ತುಂಬಾ ಜನ ಇಲ್ಲೇ ಎಡವೋದು. ಪ್ಯಾನಲ್ಲಿಂದ ಬಂದು ನೇರವಾಗಿ ನಿಮ್ಮ ಫ್ರಿಜ್ಜಿಗೆ ಹೋದ ಕರೆಂಟು ಬೀದಿ ಮೀಟರನ್ನ ನೋಡೋದೇ ಇಲ್ಲ. ಇನ್ವರ್ಟರ್ ಆ್ಯಪಲ್ಲಿ ತಿಂಗಳಿಗೆ 350 ಯೂನಿಟ್ ತಯಾರಾಗಿದೆ, ಮೀಟರಲ್ಲಿ ಎಕ್ಸ್‌ಪೋರ್ಟ್, ಅಂದ್ರೆ ಬೀದಿ ಲೈನಿಗೆ ಕೊಟ್ಟಿದ್ದು, 240, ಇಂಪೋರ್ಟ್ 190 ಅಂತ ಇಟ್ಕೊಳ್ಳಿ. 350ರಲ್ಲಿ 240 ಕಳೆದ್ರೆ ಉಳಿದ 110 ನೀವೇ ಹಗಲಲ್ಲಿ ಬಳಸಿದ್ದು, ಅದಕ್ಕೆ 190 ಸೇರಿಸಿದ್ರೆ ಮನೆ ಬಳಕೆ 300. ಈಗಿನ ಒಂದೇ ದರದಲ್ಲಿ 240ಕ್ಕೆ 190 ವಜಾ ಆಗಿ, ಅಂದ್ರೆ ಲೆಕ್ಕದಲ್ಲಿ ಕಳೆದುಹೋಗಿ, ಇನ್ನೂ 50 ಯೂನಿಟ್ ನಿಮ್ಮ ಕಡೆಗೇ ಉಳಿಯುತ್ತೆ, ಫಿಕ್ಸೆಡ್ ಚಾರ್ಜ್ ಮಾತ್ರ ತಪ್ಪಲ್ಲ, ಅದು ಮಂಜೂರಾದ ಲೋಡಿನ ಮೇಲೆ.

ನಾಳೆ ಹೊತ್ತಿನ ದರ ಬಂತು, ಆ ನಿಯಮದಲ್ಲಿರೋ ಕನಿಷ್ಠ ಅಂತರವನ್ನೇ ಇಟ್ರು ಅಂತ ಹಿಡೀರಿ. ಹಗಲಿಗೆ 4 ರೂಪಾಯಿ 64 ಪೈಸೆ, ಪೀಕಿಗೆ 6 ರೂಪಾಯಿ 38 ಪೈಸೆ, ಮಿಕ್ಕ ಹೊತ್ತಿಗೆ ಅದೇ 5.80. ನಿಮ್ಮ 190ರಲ್ಲಿ 90 ಯೂನಿಟ್ ಸಂಜೆ 6ರಿಂದ 10ರೊಳಗೆ, ಉಳಿದ 100 ರಾತ್ರಿ ಮತ್ತೆ ಬೆಳಗಿನ ಜಾವದ್ದು ಅಂದ್ಕೊಂಡ್ರೆ ಕೊಡಬೇಕಾದ್ದು 1,154 ರೂಪಾಯಿ. ನೀವು ಹಗಲು ಕೊಟ್ಟ 240ಕ್ಕೆ 4.64ರ ಲೆಕ್ಕದಲ್ಲಿ ಜಮಾ ಆದ್ರೆ 1,113 ರೂಪಾಯಿ ಚಿಲ್ಲರೆ. ಅಂದ್ರೆ 50 ಯೂನಿಟ್ ಉಳೀತಿದ್ದ ಮನೆ ನಲವತ್ತು ರೂಪಾಯಿ ಕೈಯಿಂದ ಕಟ್ಟೋ ಹಂಗಾಯ್ತು. ಇದೇನು ಮನೆ ಮುಳುಗೋ ಮಾತಲ್ಲ. ಮೋಟರು, ವಾಷಿಂಗ್ ಮೆಷೀನು, ಇಸ್ತ್ರಿ ಸೇರಿ ಸಂಜೆಯ 30 ಯೂನಿಟ್ಟನ್ನ ಮಧ್ಯಾಹ್ನಕ್ಕೆ ತಂದ್ರೆ ಯೂನಿಟ್ಟಿಗೆ 1 ರೂಪಾಯಿ 74 ಪೈಸೆಯಂತೆ 52 ರೂಪಾಯಿ ಉಳೀತು, ಮತ್ತೆ ಲೆಕ್ಕ ನಿಮ್ಮ ಕಡೆಗೇ ವಾಲಿತು.

ಮುಳುಗೋ ಮಾತು ಬೇರೆ ಕಡೆ ಇದೆ. ದಯವಿಟ್ಟು ಇದನ್ನ ನಿಧಾನಕ್ಕೆ ಓದಿ. ಹೊತ್ತಿನ ದರ ಇರೋ ಕಡೆ ವಜಾ ಮಾಡೋಕೆ ಒಂದಕ್ಕಿಂತ ಜಾಸ್ತಿ ದಾರಿ ಇರುತ್ತೆ. ಒಂದು, ಮೇಲೆ ಮಾಡಿದಂಗೆ ದುಡ್ಡಿನ ಲೆಕ್ಕ. ಇನ್ನೊಂದು, ಹಗಲಿನ ಯೂನಿಟ್ಟು ಹಗಲಿನ ಬಳಕೆಗೆ ಮಾತ್ರ ವಜಾ, ಮಿಕ್ಕಿದ್ದನ್ನ ನಿಮ್ಮ ಅಗ್ರಿಮೆಂಟಲ್ಲಿ ಬರೆದ ಖರೀದಿ ದರಕ್ಕೆ ಕಂಪನಿ ತಗೊಳ್ಳೋದು. ಆ ಖರೀದಿ ದರ ಈಗಿನ ಅಗ್ರಿಮೆಂಟುಗಳಲ್ಲಿ ನೀವು ಕೊಳ್ಳೋ ದರಕ್ಕಿಂತ ಕಮ್ಮಿ, ಸಬ್ಸಿಡಿ ತಗೊಂಡೋರಿಗೆ ಇನ್ನೂ ಕಮ್ಮಿ. 2013ರ ಅಕ್ಟೋಬರ್ ಆದೇಶದ ಕಾಲದಲ್ಲಿ ಸಬ್ಸಿಡಿ ಇಲ್ಲದೆ ಹಾಕಿಸಿದೋರಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ಸಿಗ್ತಿತ್ತು, ಅದನ್ನ ನೋಡಿ ಈಗಲೂ ಹಂಗೇ ಅಂತ ನಂಬಬೇಡಿ. ಎರಡನೇ ದಾರಿಯಲ್ಲಿ ನಿಮ್ಮ ಸಂಜೆಯ 90, ರಾತ್ರಿಯ 100, ಎರಡಕ್ಕೂ ಪೂರ್ತಿ ದುಡ್ಡು ಬೀಳುತ್ತೆ. ಹಾಗಾಗಿ ಯಾರೇ ಬಂದು ಹೊತ್ತಿನ ದರದ ಫಾರಂ ಕೊಟ್ರೆ ರೇಟೆಷ್ಟು ಅಂತ ಕೇಳೋಕೂ ಮೊದಲು ಕೇಳಬೇಕಾದ್ದು, ನನ್ನ ಮಧ್ಯಾಹ್ನದ ಯೂನಿಟ್ಟು ಸಂಜೆಯದಕ್ಕೆ ವಜಾ ಆಗುತ್ತಾ ಇಲ್ವಾ, ಆದ್ರೆ ಯಾವ ಲೆಕ್ಕದಲ್ಲಿ. ಬಾಯಿ ಮಾತು ಬೇಡ, ಬರವಣಿಗೆಯಲ್ಲಿ ಇಸ್ಕೊಳ್ಳಿ. ಇದಕ್ಕೆ ಉತ್ತರ ಸಿಗೋವರೆಗೆ ಸಹಿ ಹಾಕಬೇಡಿ.

ಈಗಿಂದಲೇ ಮಾಡಬಹುದಾದ್ದು ಒಂದಿದೆ. ಒಂದು ವಾರ, ಬೆಳಗ್ಗೆ 6, ಬೆಳಗ್ಗೆ 9, ಸಂಜೆ 6, ರಾತ್ರಿ 10, ಈ ನಾಲ್ಕು ಹೊತ್ತು ಮೀಟರಲ್ಲಿ ಇಂಪೋರ್ಟ್ ಎಕ್ಸ್‌ಪೋರ್ಟ್ ಎರಡನ್ನೂ ಮೊಮ್ಮಗಳ ಕೈಲಿ ಮೊಬೈಲಲ್ಲಿ ಫೋಟೋ ಹೊಡೆಸಿ ಇಟ್ಕೊಳ್ಳಿ, ಬಟನ್ ಒತ್ತಿದ್ರೆ ಒಂದಾದ್ಮೇಲೆ ಒಂದು ಬರುತ್ತೆ. ಬೇಸಿಗೆಯಲ್ಲೊಂದು ವಾರ, ಆಷಾಢದ ಮೋಡದಲ್ಲೊಂದು ವಾರ. ಇದು ಕೈಯಲ್ಲಿದ್ರೆ ಯಾವ ಪ್ಲಾನ್ ಬಂದ್ರೂ ಹತ್ತು ನಿಮಿಷದಲ್ಲಿ ನೀವೇ ಲೆಕ್ಕ ಹಾಕ್ತೀರಿ, ಮಕ್ಕಳಿಗೆ ಲೆಕ್ಕ ಕಲಿಸಿದೋರಿಗೆ ಇದೆಷ್ಟರ ಕೆಲಸ.

ಪ್ರಶ್ನೆ: ಚಿತ್ರದುರ್ಗ ಜೆಸಿಆರ್ ಬಡಾವಣೆ ನಮ್ದು. ಸೋಲಾರ್ ಹಾಕ್ಸಿ ನಾಕು ತಿಂಗಳಾತು, ಬಿಲ್ಲೇನೋ ಕಮ್ಮಿ ಆಗೈತೆ ಆದ್ರೆ ಕರೆಂಟ್ ಹೋದ್ರೆ ಉರಿಬಿಸಿಲಲ್ಲೂ ಮನೇಲಿ ಫ್ಯಾನ್ ತಿರುಗಲ್ಲ. ಮೋಸ ಹೋದ್ವಾ ಅಂತ ಡೌಟು. ಈಗ ಒಬ್ರು ಬಂದು ಬ್ಯಾಟರಿ ಹಾಕ್ಸಿ, ಮುಂದೆ ಸಂಜೆ ರೇಟ್ ಜಾಸ್ತಿ ಆಗುತ್ತೆ, ಹಗಲು ತುಂಬ್ಸಿ ಸಂಜೆ ಬಳಸಿದ್ರೆ ಬ್ಯಾಟರಿ ದುಡ್ಡು ಅದರಲ್ಲೇ ವಾಪಸ್ ಬರುತ್ತೆ ಅಂತಾರೆ. ಹೌದೇನ್ರೀ?

ಉತ್ತರ: ಮೋಸ ಹೋಗಿಲ್ಲ ಅಣ್ಣ, ಹಾಕೋವಾಗ ಅವರು ಒಂದು ಮಾತು ಬಿಡಿಸಿ ಹೇಳಬೇಕಿತ್ತು ಅಷ್ಟೆ. ನಿಮ್ಮದು ಆನ್‌ಗ್ರಿಡ್ ಇನ್ವರ್ಟರ್, ಅಂದ್ರೆ ಬೀದಿ ಲೈನಿಗೆ ಜೋಡಿಸಿ ನಡೆಯೋದು, ಬೀದಿ ಲೈನ್ ಸತ್ತ ಕೂಡಲೇ ಅದು ತಾನಾಗೇ ಆಫ್ ಆಗಲೇಬೇಕು. ಇಲ್ಲಾಂದ್ರೆ ಲೈನ್ ಆಫ್ ಇದೆ ಅಂತ ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆ ಮೇಲಿನ ಕರೆಂಟು ಹೊಡೆಯುತ್ತೆ. ಅವರ ಮನೇಲೂ ಹೆಂಡತಿ ಮಕ್ಕಳು ಕಾಯ್ತಿರ್ತಾರೆ. ಆ ಭಾಗವನ್ನ ಯಾವ ಮೆಕ್ಯಾನಿಕ್ ಹತ್ರನೂ ಬೈಪಾಸ್ ಮಾಡಿಸೋ ಯೋಚನೆ ಮಾಡಬೇಡಿ.

ಬ್ಯಾಟರಿ ದುಡ್ಡು ವಾಪಸ್ ಬರುತ್ತೆ ಅನ್ನೋದನ್ನ ಪೆನ್ನು ಹಿಡಿದು ನೋಡೋಣ. ಮೇಲಿನ ಮೇಡಂಗೆ ಮಾಡಿದ ಲೆಕ್ಕದಲ್ಲಿ ಹಗಲಿಗೂ ಪೀಕಿಗೂ ಅಂತರ 1 ರೂಪಾಯಿ 74 ಪೈಸೆ. ದಿನಾ 5 ಯೂನಿಟ್ ಬ್ಯಾಟರಿಗೆ ತುಂಬಿಸಿ ಸಂಜೆ ಬಳಸಿದ್ರೆ ದಿನಕ್ಕೆ 8 ರೂಪಾಯಿ 70 ಪೈಸೆ, ಒಂದು ದಿನನೂ ತಪ್ಪದೆ ವರ್ಷ ಪೂರ್ತಿ ಮಾಡಿದ್ರೆ 3,175 ರೂಪಾಯಿ. ಬ್ಯಾಟರಿಗೆ ಒಂದು ಲಕ್ಷ ಅಂತಲೇ ಇಟ್ಕೊಳ್ಳಿ, ಅಸಲು ಬರೋಕೆ ಮೂವತ್ತೊಂದು ವರ್ಷ ಬೇಕು, ಅಷ್ಟು ವರ್ಷ ಬಾಳೋ ಬ್ಯಾಟರಿ ಯಾರೂ ಕೊಡಲ್ಲ. ಅದೂ ಈಗ ನಮ್ಮಲ್ಲಿ ಒಂದೇ ದರ ಇರೋದ್ರಿಂದ ಅಂತರ ಸೊನ್ನೆ, ಜೊತೆಗೆ ತುಂಬಿ ತೆಗೆಯೋದ್ರಲ್ಲಿ ಒಂದಿಷ್ಟು ಕರೆಂಟು ಶಾಖ ಆಗಿ ಹೋಗುತ್ತೆ. ಕರೆಂಟ್ ಹೋದಾಗ ಫ್ಯಾನ್, ಲೈಟು, ವಯಸ್ಸಾದೋರ ಆಕ್ಸಿಜನ್ ಮಿಷನ್ನು ಇಂಥದ್ದಕ್ಕೆ ಬ್ಯಾಟರಿ ಬೇಕು ಅಂದ್ರೆ ಅದು ಬೇರೆ ಮಾತು, ಅದಕ್ಕೆ ಖರ್ಚು ಮಾಡಿ, ತಪ್ಪಿಲ್ಲ. ಅವಾಗ ಬ್ಯಾಟರಿಗೂ ಬೀದಿ ಲೈನಿಗೂ ಎರಡಕ್ಕೂ ಹೊಂದೋ ಹೈಬ್ರಿಡ್ ಇನ್ವರ್ಟರ್ ಬೇಕಾಗುತ್ತೆ, ಈಗಿನದಕ್ಕೆ ಬ್ಯಾಟರಿ ಜೋಡಿಸೋಕೆ ಬರುತ್ತಾ ಅಂತ ಮಾಡೆಲ್ ನಂಬರ್ ಹಿಡ್ಕೊಂಡು ಮೊದಲೇ ಕೇಳಿ. ಉಳಿತಾಯ ಅಂತ ಮಾತ್ರ ಹಾಕಿಸಬೇಡಿ.

ಇನ್ನೊಂದು, ನೀವು ಕೇಳಿಲ್ಲ ಆದ್ರೂ ಹೇಳ್ತೀನಿ. ದುರ್ಗದ ಗಾಳಿ ಗೊತ್ತಲ್ಲ, ಜೋಗಿಮಟ್ಟಿ ಕಡೆ ಗಾಳಿಯಿಂದ ಕರೆಂಟು ಮಾಡೋ ದೊಡ್ಡ ಫ್ಯಾನುಗಳು ಸುಮ್ನೆ ನಿಂತಿಲ್ಲ. ಆಷಾಢ ಬರೋ ಮೊದಲು ಪ್ಯಾನಲ್ ಸ್ಟ್ರಕ್ಚರಿನ ನಟ್ಟು ಬೋಲ್ಟು ಒಂದ್ಸಲ ಬಿಗಿ ಮಾಡಿಸಿ.

ಪ್ರಶ್ನೆ: ದಾವಣಗೆರೆ ನಿಟುವಳ್ಳಿಯಿಂದ. ನಮ್ಮನೇಲಿ ತಿಂಗಳಿಗೆ 110–120 ಯೂನಿಟ್ ಅಷ್ಟೆ, ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ ಬರ್ತಿದೆ. ನಾನು ಮನೇಲೇ ಟೈಲರಿಂಗ್ ಮಾಡ್ತೀನಿ. ಮುಂದೆ ಸಂಜೆ ಕರೆಂಟಿಗೆ ಡಬಲ್ ರೇಟ್ ಆಗುತ್ತೆ, ಈಗಲೇ ಸಾಲ ಮಾಡಿ ಸೋಲಾರ್ ಹಾಕ್ಸಿ ಅಂತ ಒಬ್ಬರು ಬೆನ್ನು ಬಿದ್ದಿದಾರೆ. ಹಾಕ್ಸಬೇಕಾ?

ಉತ್ತರ: ಬೇಡ ಅಕ್ಕ. ಸೊನ್ನೆ ಬಿಲ್ಲಲ್ಲಿ ಉಳಿಸೋದಕ್ಕೆ ಏನೂ ಇಲ್ಲ, ಸಾಲದ ಕಂತು ಮಾತ್ರ ಹೊಸದಾಗಿ ಬರುತ್ತೆ. ಗೃಹಜ್ಯೋತಿಯಲ್ಲಿ ನಿಮಗೆ ಸಿಗೋ ಯೂನಿಟ್ಟು 2022-23ರ ಸರಾಸರಿಯ ಮೇಲೆ ನಿಂತಿದೆ, ಅದರೊಳಗೆ ಇದ್ರೆ ಸಾಕು, ಮೆಷೀನಿಗೆ ಮೋಟರ್ ಹಾಕಿಸಿದ್ರೂ ಅದು ತಿನ್ನೋ ಕರೆಂಟು ತೀರಾ ಕಮ್ಮಿ, ಇಸ್ತ್ರಿಪೆಟ್ಟಿಗೆದೇ ಜಾಸ್ತಿ. ಡಬಲ್ ರೇಟ್ ಅನ್ನೋ ಮಾತು ಕೇಂದ್ರದ ನಿಯಮದಲ್ಲೂ ಇಲ್ಲ, ನಮ್ಮ ಆಯೋಗದ ದರದಲ್ಲೂ ಇಲ್ಲ. ಹೆದರಿಸಿ ಮಾರೋರಿಗೆ ಚಾ ಕೊಟ್ಟು ಕಳಿಸಿ, ಸಹಿ ಕೊಡಬೇಡಿ. ನಿಮ್ಮ ಬಳಕೆ 250–300 ದಾಟಿದಾಗ ಯೋಚಿಸಿದ್ರೆ ಸಾಕು.

ಪ್ರಶ್ನೆ: ಊರು ಹರಿಹರ, ಈಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಮನೆ ತಗೊಂಡಿದೀವಿ. ಮನೆ ಮೇಲೆ ಮೊದಲೇ ಸೋಲಾರ್ ಇತ್ತು, ಹಳೇ ಓನರ್ ಹಾಕ್ಸಿದ್ದು. ಕರೆಂಟ್ ಕಂಪನಿ ಪಿಜಿ ಆ್ಯಂಡ್ ಇ. ಎಲೆಕ್ಟ್ರಿಕ್ ಕಾರ್ ಒಂದಿದೆ. ಇ-ಟಿಒಯು-ಸಿ, ಇ-ಟಿಒಯು-ಡಿ, ಇವಿ2-ಎ ಅಂತ ಪ್ಲಾನ್ ತೋರಿಸ್ತಿದಾರೆ. ನಾವಿಬ್ರೂ ಆಫೀಸಿಂದ ಬರೋದು ಆರೂವರೆ. ಅಪ್ಪ ಊರಲ್ಲಿ ನಿಮ್ಮ ಅಂಕಣ ಓದ್ತಾರೆ, ಅವರೇ ಕೇಳು ಅಂದ್ರು.

ಉತ್ತರ: ಅಪ್ಪಾಜಿಗೆ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಕಡೆ ಮೊದಲ ಪ್ರಶ್ನೆ ಪ್ಲಾನ್ ಅಲ್ಲ, ಹಳೇ ಓನರ್ ಸೋಲಾರಿಗೆ ಅರ್ಜಿ ಹಾಕಿದ ತಾರೀಖು. 2023ರ ಏಪ್ರಿಲ್ 14ರ ಒಳಗಾಗಿದ್ರೆ ಹಳೇ ನೆಟ್ ಮೀಟರಿಂಗ್, ಶುರುವಾದ ದಿನದಿಂದ 20 ವರ್ಷ ಹಂಗೇ ಇರುತ್ತೆ. ಆಮೇಲಿಂದು ಆದ್ರೆ ನೆಟ್ ಬಿಲ್ಲಿಂಗ್, ಅದರಲ್ಲಿ ನೀವು ಮಧ್ಯಾಹ್ನ ಕಳಿಸಿದ ಯೂನಿಟ್ಟಿಗೆ ಸಿಗೋ ದುಡ್ಡು ನೀವು ಸಂಜೆ ಕೊಳ್ಳೋ ದರಕ್ಕಿಂತ ಎಷ್ಟೋ ಕಡಿಮೆ. ಇಲ್ಲಿ ವಿದ್ಯಾನಗರದ ಮೇಡಂಗೆ ಯಾವ ವಜಾ ಪ್ರಶ್ನೆ ಕೇಳಿ ಅಂದ್ನೋ ಅದೇ ಪ್ರಶ್ನೆ ನಿಮ್ಮಲ್ಲಿ ಆಗಲೇ ನಿಜ ಆಗಿ ಕೂತಿದೆ, ಅಲ್ಲಿ ಬ್ಯಾಟರಿ ಯೋಚಿಸೋದಕ್ಕೂ ಅದಕ್ಕೇ ಅರ್ಥ ಇರೋದು.

ಪ್ಲಾನ್ ವಿಷಯಕ್ಕೆ ಬಂದ್ರೆ, ಸಿ ಅನ್ನೋದ್ರಲ್ಲಿ ದಿನಾ ಸಂಜೆ 4ರಿಂದ 9 ಪೀಕ್, ಶನಿವಾರ ಭಾನುವಾರನೂ ಬಿಡಲ್ಲ, ಆದ್ರೆ ಕಡಿಮೆ ಬಳಸೋರಿಗೆ ಬೇಸ್‌ಲೈನ್ ರಿಯಾಯಿತಿ, ಅಂದ್ರೆ ಒಂದು ಮಿತಿವರೆಗಿನ ಬಳಕೆಗೆ ರಿಯಾಯಿತಿ, ಇದೆ. ಡಿ ಅನ್ನೋದ್ರಲ್ಲಿ 5ರಿಂದ 8, ಕೆಲಸದ ದಿನ ಮಾತ್ರ. ಇವಿ2-ಎಯಲ್ಲಿ 4ರಿಂದ 9 ಪೀಕ್, ಅದರ ಹಿಂದೆ ಒಂದು ಗಂಟೆ, ಮುಂದೆ ನಡುರಾತ್ರಿವರೆಗೆ ಮಧ್ಯಮ ದರ, ರಾತ್ರಿ 12ರಿಂದ ಮಧ್ಯಾಹ್ನ 3ರವರೆಗೆ ಅಗ್ಗ. ಕಾರನ್ನ ಮನೇಲೇ ಚಾರ್ಜ್ ಮಾಡೋರಿಗೆ ಸಾಮಾನ್ಯವಾಗಿ ಇದೇ ಸರಿ ಹೊಂದೋದು, ಹನ್ನೆರಡರ ಮೇಲೆ ಶುರುವಾಗೋ ಹಂಗೆ ಟೈಮರ್ ಇಟ್ಟು ಮಲಗಿ, ನೆಟ್ ಬಿಲ್ಲಿಂಗ್ ಆಗಿದ್ರೆ ರಜೆ ದಿನ ಬೆಳಗ್ಗೆ ಹತ್ತಕ್ಕೇ ಕಾರ್ ಸಿಗಿಸಿ, ಬಿಸಿಲು ನೇರ ಕಾರಿಗೇ ಹೋಗ್ಲಿ. ಆದ್ರೆ ಆರೂವರೆಗೆ ಬಂದು ಏಸಿ, ಅಡುಗೆ, ಬಟ್ಟೆ ಎಲ್ಲಾ ಒಂಬತ್ತರೊಳಗೇ ಮುಗಿಸೋ ಮನೆ ನಿಮ್ದು ಅಂತ ಕಾಣುತ್ತೆ, ಅಲ್ಲೇ ಈ ಪ್ಲಾನ್ ಹೊಡೆತ ಕೊಡೋದು. ಬಟ್ಟೆ, ಪಾತ್ರೆ ಮೆಷೀನು ಒಂಬತ್ತರ ಮೇಲೆ ಹಾಕಿ, ಆಗೋದಾದ್ರೆ ಹನ್ನೆರಡರ ಮೇಲೆ. ಕಂಪನಿ ವೆಬ್‌ಸೈಟಲ್ಲಿ ಗಂಟೆ ಗಂಟೆಯ ಬಳಕೆ ಡೌನ್‌ಲೋಡ್ ಆಗುತ್ತೆ, ಒಂದು ವರ್ಷದ್ದು ತೆಗೆದು 4ರಿಂದ 9ರ ಮೊತ್ತ ಕೂಡಿಸಿ ನೋಡಿ, ಆಮೇಲೆ ಆರಿಸಿ.

ನಿಮಗೊಂದು ಅನುಕೂಲ ಇದೆ, ನಮಗೆ ಅದಿಲ್ಲ. ಜೂನಲ್ಲಿ ನಿಮ್ಮೂರಲ್ಲಿ ಸೂರ್ಯ ಮುಳುಗೋದು ಎಂಟೂವರೆ ಹೊತ್ತಿಗೆ, ಪಶ್ಚಿಮಕ್ಕೆ ಮುಖ ಇರೋ ಪ್ಯಾನಲ್ ಪೀಕ್ ಹೊತ್ತಲ್ಲೂ ಒಳ್ಳೇ ಕರೆಂಟ್ ಕೊಡುತ್ತೆ. ದಾವಣಗೆರೆಯಲ್ಲಿ ನಡುಬೇಸಿಗೆಯಲ್ಲೂ ಏಳು ಗಂಟೆ ಒಳಗೆ ಸೂರ್ಯ ಮುಳುಗಿರ್ತಾನೆ, ಸಂಜೆ ಆರರ ಮೇಲೆ ನಮ್ಮ ಪ್ಯಾನಲ್ ಇದ್ದೂ ಇಲ್ಲದಂಗೆ.

ಪ್ರಶ್ನೆ: ಚಳ್ಳಕೆರೆ. ಮನೆ ಬೋರಿಂದ ಟ್ಯಾಂಕಿಗೆ ನೀರು ಏರ್ಸೋಕೆ 1 ಎಚ್‌ಪಿ ಮೋಟರ್ ಐತೆ. ಸೋಲಾರ್ ಇದ್ರೆ ಯಾವ ಹೊತ್ತಲ್ಲಿ ಬಿಡಬೇಕು? ಧೂಳು ಬಾಳ ಕೂರುತ್ತೆ, ಯಾವಾಗ ತೊಳೀಬೇಕು? ಮೊದಲಿನಷ್ಟು ಯೂನಿಟ್ ಬರ್ತಿಲ್ಲ ಅನ್ಸುತ್ತೆ.

ಉತ್ತರ: ನಮ್ಮ ಕಡೆ ಸೂರ್ಯ ನೆತ್ತಿ ಮೇಲೆ ಬರೋದು ಗಡಿಯಾರದ ಹನ್ನೆರಡಕ್ಕಲ್ಲ, ಹೆಚ್ಚುಕಮ್ಮಿ ಹನ್ನೆರಡೂ ಇಪ್ಪತ್ತೈದಕ್ಕೆ, ಯಾಕಂದ್ರೆ ದೇಶದ ಗಡಿಯಾರ ನಮಗಿಂತ ಪೂರ್ವಕ್ಕಿರೋ ರೇಖೆ ಮೇಲೆ ನಡೆಯುತ್ತೆ. ಹನ್ನೊಂದರಿಂದ ಎರಡರೊಳಗೆ ಮೋಟರ್ ಬಿಡಿ, ಗಂಟೆಗೆ ಹತ್ತಿರ ಹತ್ತಿರ ಒಂದು ಯೂನಿಟ್ ತಗೊಳ್ಳುತ್ತೆ, ಅದು ಪೂರ್ತಿ ಮೇಲಿಂದಲೇ ಬರುತ್ತೆ. ಬಿಸಿಲಿಗೆ ಕಾದ ಗಾಜಿನ ಮೇಲೆ ತಣ್ಣೀರು ಸುರೀಬೇಡಿ, ಬೆಳಗ್ಗೆ ಏಳರೊಳಗೆ ತೊಳೀರಿ, ಮೆತ್ತನೆ ಬಟ್ಟೆ ಸಾಕು. ಬೋರ್ ನೀರು ಗಡಸಾಗಿದ್ರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತೆ, ಕೊನೇಗೆ ಒಂದು ಕೊಡ ಮಳೆ ನೀರೋ ನಲ್ಲಿ ನೀರೋ ಹಾಕಿ ಒರೆಸಿ.

ಯೂನಿಟ್ ಕಮ್ಮಿ ಬರೋದಕ್ಕೆ ಧೂಳು ಒಂದೇ ಕಾರಣ ಅಂತ ಅಂದ್ಕೋಬೇಡಿ. ಕಾಯೋ ಬೇಸಿಗೆಯಲ್ಲಿ ಪ್ಯಾನಲ್ ಬಿಸಿ ಏರಿದಷ್ಟೂ ಕೊಡೋ ಕರೆಂಟು ಇಳಿಯುತ್ತೆ, ಅದು ಅದರ ಗುಣ. ನಮ್ಮನೇಲಿ ಆಗಿದ್ದು ಬೇರೆ, ಹಾಕಿದೋರು ನೀರಿನ ಟ್ಯಾಂಕ್ ಪಕ್ಕಕ್ಕೇ ಕೂರಿಸಿ ಹೋಗಿದ್ರು, ಮಧ್ಯಾಹ್ನ ಮೂರರ ಮೇಲೆ ಒಂದೇ ಒಂದು ಪ್ಯಾನಲ್ ಮೂಲೆಗೆ ನೆರಳು ಬೀಳ್ತಿತ್ತು, ಎಲ್ಲಾ ಸಾಲಾಗಿ ಜೋಡಿಸಿರೋದ್ರಿಂದ ಆ ಒಂದು ಮೂಲೆ ಉಳಿದವನ್ನೂ ಹಿಡಿದು ಎಳೀತಿತ್ತು, ಎಂಟು ತಿಂಗಳು ನನಗೆ ಗೊತ್ತೇ ಆಗಿರಲಿಲ್ಲ. ಒಂದು ಭಾನುವಾರ ಬೆಳಗ್ಗೆ ಒಂಬತ್ತಕ್ಕೆ, ಹನ್ನೆರಡೂವರೆಗೆ, ಮೂರೂವರೆಗೆ ಮಾಳಿಗೆ ಹತ್ತಿ ನೋಡಿ, ಟ್ಯಾಂಕು, ತೆಂಗಿನಗರಿ, ಪಕ್ಕದ ಮನೆಯ ಹೊಸ ಮಹಡಿ, ಯಾವುದರ ನೆರಳು ಎಲ್ಲಿ ಬೀಳುತ್ತೆ ಅಂತ ಫೋಟೋ ತೆಗೆದು ನನಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ನೋಡೋಣ.